ಸ್ಕಾಗೆನ್: ಮರಳು, ಮೀನು ಮತ್ತು ಬೆಳಕಿನ ನಡುವೆ ಬೆಳೆದ ಡೇನಿಶ್ ಪಟ್ಟಣ

ಯುರೋಪಿನ ಭೂಪಟದಲ್ಲಿ ಡೆನ್ಮಾರ್ಕ್ ದೇಶದ ಜಟ್‌ಲೆಂಡ್ ಪರ್ಯಾಯ ದ್ವೀಪವು ಉತ್ತರಕ್ಕೆ ಚೂಪಾಗುತ್ತಾ ಹೋಗಿ ಕೊನೆಗೊಳ್ಳುವ ಸ್ಥಳದಲ್ಲಿ ಸ್ಕಾಗೆನ್ ಎಂಬ ಪಟ್ಟಣವಿದೆ. ಎಂಟು ಸಾವಿರಕ್ಕಿಂತ ಕಡಿಮೆ ಜನ ವಾಸಿಸುವ ಈ ಊರಿನ ಹೆಸರನ್ನು ನಮ್ಮ ನಗರಗಳ ಓದುಗರು ಕೈಗಡಿಯಾರವೊಂದರ ಮುಖದ ಮೇಲೆ ಕಂಡಿರಲೂ ಸಾಕು. ಅಮೆರಿಕದಲ್ಲಿ ನೆಲೆಸಿದ್ದ ಡೇನಿಶ್ ದಂಪತಿ 1989ರಲ್ಲಿ ಆರಂಭಿಸಿದ ತಮ್ಮ ಗಡಿಯಾರದ ಕಂಪನಿಗೆ ಇಟ್ಟದ್ದು ಇದೇ ಊರಿನ ಹೆಸರು.

ಗಡಿಯಾರಕ್ಕಿಂತ ಊರಿನ ಕಥೆ ಬಹಳ ಹಳೆಯದು. ಆರು ಶತಮಾನಗಳಿಂದ ಮೀನುಗಾರಿಕೆಯನ್ನೇ ನಂಬಿಕೊಂಡು ಬಂದಿರುವ ಸ್ಕಾಗೆನ್, ತನ್ನ ಚರ್ಚನ್ನು ಮರಳಿಗೆ ಒಪ್ಪಿಸಿದ ಊರು. ತನ್ನ ಬೆಸ್ತರನ್ನು ಕಡಲಿಗೆ ಕಳೆದುಕೊಂಡ ಊರು. ಉತ್ತರ ಯುರೋಪಿನ ಚಿತ್ರಕಲೆಯ ಇತಿಹಾಸದಲ್ಲಿ ತನ್ನದೇ ಅಧ್ಯಾಯವನ್ನು ಬರೆಸಿಕೊಂಡ ಊರು. ಇಂದಿಗೂ ಅದು ಡೆನ್ಮಾರ್ಕ್‌ನ ಮುಂಚೂಣಿಯ ಮೀನುಗಾರಿಕಾ ಬಂದರುಗಳಲ್ಲಿ ಒಂದು. ಆದರೆ ಬಂದರಿಗೆ ಮೀನಿನ ರಾಶಿ ಬರುತ್ತಿರುವಾಗಲೇ ಊರಿನಲ್ಲಿ ಮೀನುಗಾರರ ಸಂಖ್ಯೆ ಇಳಿಯುತ್ತಿದೆ. ಈ ವೈರುಧ್ಯ ಹೇಗೆ ಬಂತು ಎಂಬುದನ್ನು ತಿಳಿಯಬೇಕಾದರೆ ಊರಿನ ಚರಿತ್ರೆಯನ್ನು ಮೊದಲಿನಿಂದ ನೋಡಬೇಕಾಗುತ್ತದೆ.

ಎರಡು ಕಡಲುಗಳ ನಡುವೆ

ಸ್ಕಾಗೆನ್ ನಿಂತಿರುವುದು ಮರಳಿನ ಮೇಲೆ. ಸುಮಾರು 30 ಕಿಲೋಮೀಟರ್ ಉದ್ದದ ಈ ಭೂಶಿರವನ್ನು ಕಟ್ಟಿದ್ದು ಅಲೆಗಳು. ಜಟ್‌ಲೆಂಡ್‌ನ ಪಶ್ಚಿಮ ತೀರಕ್ಕೆ ಬಡಿಯುವ ಅಲೆಗಳು ಅಲ್ಲಿನ ಮರಳನ್ನು ಕೊರೆದು ಉತ್ತರಕ್ಕೆ ಒಯ್ಯುತ್ತವೆ. ತುದಿಯಲ್ಲಿ ಅದನ್ನು ಕೆಡವುತ್ತವೆ. ಸಾವಿರಾರು ವರ್ಷಗಳಿಂದ ನಡೆದಿರುವ ಈ ಕೆಲಸ ಇನ್ನೂ ಮುಗಿದಿಲ್ಲ. ಭೂಶಿರದ ಪಶ್ಚಿಮ ಮಗ್ಗುಲು ಕಡಲ್ಕೊರೆತಕ್ಕೆ ಸಿಕ್ಕಿ ಸವೆಯುತ್ತಿದ್ದರೆ ತುದಿ ಮಾತ್ರ ವರ್ಷದಿಂದ ವರ್ಷಕ್ಕೆ ಕೆಲವು ಮೀಟರುಗಳಷ್ಟು ಮುಂದೆ ಬೆಳೆಯುತ್ತಿದೆ.

ಆ ತುದಿಯ ಹೆಸರು ಗ್ರೇನೆನ್. ಡೇನಿಶ್ ಭಾಷೆಯಲ್ಲಿ ಹಾಗೆಂದರೆ ಕೊಂಬೆ. ಅಲ್ಲಿ ಪಶ್ಚಿಮದ ಸ್ಕಾಗೆರಾಕ್ ಮತ್ತು ಪೂರ್ವದ ಕಾಟೆಗಾಟ್ ಎಂಬ ಎರಡು ಕಡಲುಗಳು ಸಂಧಿಸುತ್ತವೆ. ಎರಡು ದಿಕ್ಕುಗಳಿಂದ ಬರುವ ಅಲೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು ನೀರಿನ ಮೇಲೆ ಬಿಳಿ ನೊರೆಯ ಗೆರೆಯೊಂದು ಮೂಡುವುದನ್ನು ನೋಡಲೆಂದೇ ಜನ ಬರುತ್ತಾರೆ. ಬಾಲ್ಟಿಕ್ ಸಮುದ್ರದ ಕಡೆಯಿಂದ ಬರುವ ನೀರು ಸೇರುವುದರಿಂದ ಕಾಟೆಗಾಟ್‌ನ ಮೇಲ್ಭಾಗದ ನೀರಿನಲ್ಲಿ ಉಪ್ಪಿನ ಅಂಶ ಕಡಿಮೆ. ಎರಡು ಕಡಲುಗಳ ನೀರು ಎಂದಿಗೂ ಬೆರೆಯುವುದೇ ಇಲ್ಲ ಎಂಬ ಮಾತು ಪ್ರಚಾರದಲ್ಲಿದೆಯಾದರೂ ಅದು ನಿಜವಲ್ಲ. ನೀರು ಬೆರೆಯುತ್ತದೆ; ಕಣ್ಣಿಗೆ ಕಾಣುವ ಗೆರೆ ಅಲೆಗಳ ಘರ್ಷಣೆಯದು. ಸೆಳೆತ ಅಪಾಯಕಾರಿಯಾಗಿರುವುದರಿಂದ ಅಲ್ಲಿ ಈಜುವುದನ್ನು ನಿಷೇಧಿಸಲಾಗಿದೆ.

ನೆಲ ಮರಳಾದ್ದರಿಂದ ಬೇಸಾಯಕ್ಕೆ ಅವಕಾಶ ಅತ್ಯಲ್ಪ. ಊರಿನವರು ಕಡಲಿನತ್ತ ಮುಖ ಮಾಡಿದ್ದು ಈ ಕಾರಣದಿಂದಲೇ.

1413ರ ಸನ್ನದು

ಪೊಮೆರೇನಿಯದ ಎರಿಕ್ ಎಂದು ಚರಿತ್ರೆಯಲ್ಲಿ ಹೆಸರಾದ ದೊರೆ 1413ರಲ್ಲಿ ಸ್ಕಾಗೆನ್‌ಗೆ ಪಟ್ಟಣದ ಹಕ್ಕುಗಳನ್ನು ದಯಪಾಲಿಸಿದ. ಆ ಕಾಲದ ಡೆನ್ಮಾರ್ಕ್‌ನಲ್ಲಿ ಇಂಥ ಸನ್ನದು ಇದ್ದ ಊರುಗಳಿಗೆ ಮಾತ್ರ ವ್ಯಾಪಾರದ ಅಧಿಕಾರವಿತ್ತು. ಮೀನುಗಾರರ ಗುಡಿಸಲುಗಳ ಗುಂಪೊಂದು ರಾಜಮುದ್ರೆಯುಳ್ಳ ಪಟ್ಟಣವಾದದ್ದು ಹೀಗೆ.

ಪಟ್ಟಣವೆಂಬ ಹೆಸರು ಬಂದರೂ ಬದುಕಿನ ರೀತಿ ಹೆಚ್ಚು ಬದಲಾಗಲಿಲ್ಲ. ಊರಿಗೆ ಬಂದರು ಇರಲಿಲ್ಲ. ಐನೂರು ವರ್ಷಗಳ ಕಾಲ ಸ್ಕಾಗೆನ್‌ನ ದೋಣಿಗಳು ತೆರೆದ ದಡದಿಂದಲೇ ಕಡಲಿಗೆ ಇಳಿದವು. ಮರಳಿ ಬಂದಾಗ ಅವನ್ನು ಮರಳಿನ ಮೇಲೆ ಎಳೆದು ನಿಲ್ಲಿಸಲಾಗುತ್ತಿತ್ತು. ಚಪ್ಪಟೆ ಮೀನುಗಳನ್ನು ಸೀಳಿ, ಮನೆಯ ಮುಂದೆ ಗಾಳಿಗೆ ನೇತುಹಾಕಿ ಒಣಗಿಸುತ್ತಿದ್ದರು. ದಡದಿಂದ ಬೀಸಿದ ಉದ್ದನೆಯ ಬಲೆಯ ಎರಡು ತುದಿಗಳನ್ನು ಹತ್ತಾರು ಜನ ಸಾಲಾಗಿ ನಿಂತು ಎಳೆಯುವ ಪದ್ಧತಿಯೂ ಅಲ್ಲಿತ್ತು. ನಮ್ಮ ಕರಾವಳಿಯ ರಂಪಣಿಯನ್ನು ನೋಡಿದವರಿಗೆ ಅದರ ಸ್ವರೂಪವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಹೊರಜಗತ್ತಿನೊಡನೆ ಸಂಪರ್ಕವೂ ಕಷ್ಟದ್ದಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಊರಿಗೆ ಸರಿಯಾದ ರಸ್ತೆ ಇರಲಿಲ್ಲ. ಸುಮಾರು 40 ಕಿಲೋಮೀಟರ್ ದೂರದ ಫ್ರೆಡರಿಕ್ಸ್‌ಹಾವ್ನ್‌ನಿಂದ ಬರುವವರು ಕಡಲ ದಂಡೆಯ ಹಸಿ ಮರಳಿನ ಮೇಲೆ ಕುದುರೆ ಗಾಡಿ ಓಡಿಸಿಕೊಂಡು ಬರಬೇಕಾಗಿತ್ತು.

ಮರಳು ನುಂಗಿದ ಚರ್ಚ್

ಸ್ಕಾಗೆನ್‌ನ ಮೊದಲ ಶತ್ರು ಕಡಲಲ್ಲ, ಹಾರುವ ಮರಳು. ಊರಿನ ನೈಋತ್ಯಕ್ಕೆ ಇಂದು ದಿಬ್ಬಗಳ ನಡುವೆ ಬಿಳಿ ಬಣ್ಣದ ಗೋಪುರವೊಂದು ಒಂಟಿಯಾಗಿ ನಿಂತಿದೆ. ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿದ, ಸಂತ ಲಾರೆನ್ಸ್‌ನ ಹೆಸರಿನ ದೊಡ್ಡ ಚರ್ಚ್‌ನಲ್ಲಿ ಈಗ ಉಳಿದಿರುವುದು ಅಷ್ಟೇ.

ಮರಳಿನ ಕಾಟಕ್ಕೆ ಪ್ರಕೃತಿಯಷ್ಟೇ ಮನುಷ್ಯನೂ ಕಾರಣನಾಗಿದ್ದ. ದಿಬ್ಬಗಳನ್ನು ಹಿಡಿದಿಡುತ್ತಿದ್ದ ಒರಟು ಹುಲ್ಲನ್ನು ಜನ ಮೇವಿಗೆ ಮತ್ತು ಮನೆಯ ಹೊದಿಕೆಗೆ ಕೊಯ್ದರು. ದನಕುರಿಗಳನ್ನು ಮೇಯಲು ಬಿಟ್ಟರು. ಮರಗಳನ್ನು ಉರುವಲಿಗೆ ಕಡಿದರು. ಜೊತೆಗೆ ಹದಿನಾರು ಮತ್ತು ಹದಿನೇಳನೆಯ ಶತಮಾನಗಳ ತಂಪಿನ ಕಾಲದ ಬಿರುಗಾಳಿಗಳು ಸೇರಿಕೊಂಡವು. ಬೇರಿನ ಹಿಡಿತ ತಪ್ಪಿದ ಮರಳು ಹೊಲ, ಬಾವಿ ಮತ್ತು ಮನೆಗಳ ಮೇಲೆ ಹರಡಿತು. ಹುಲ್ಲು ಕೀಳುವುದನ್ನು ನಿಷೇಧಿಸಿ ಡೇನಿಶ್ ದೊರೆ 1539ರಷ್ಟು ಹಿಂದೆಯೇ ಆಜ್ಞೆ ಹೊರಡಿಸಿದ್ದನಾದರೂ, ಹಸಿದ ದನದ ಮುಂದೆ ಆಜ್ಞಾಪತ್ರ ನಿಲ್ಲಲಿಲ್ಲ.

ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಚರ್ಚ್‌ನ ಬಾಗಿಲಿಗೇ ಮರಳು ಬಂದಿತ್ತು. ಪ್ರಾರ್ಥನೆಗೆ ಬರುವವರು ಮೊದಲು ಸನಿಕೆ ಹಿಡಿದು ಬಾಗಿಲನ್ನು ಬಿಡಿಸಿಕೊಳ್ಳಬೇಕಾಗಿತ್ತು. ಸುಮಾರು ಇಪ್ಪತ್ತು ವರ್ಷ ಹೀಗೆ ಹೆಣಗಾಡಿದ ಬಳಿಕ 1795ರಲ್ಲಿ ರಾಜಾಜ್ಞೆಯ ಮೂಲಕ ಚರ್ಚ್ ಮುಚ್ಚಲಾಯಿತು. ಕೆಲವು ವರ್ಷಗಳ ನಂತರ ಅದರ ಮುಖ್ಯ ಕಟ್ಟಡವನ್ನು ಕೆಡವಿದರು. ಕಡಲಿನಲ್ಲಿ ಸಾಗುವ ಹಡಗುಗಳಿಗೆ ಗುರುತಾಗಿ ಇರಲಿ ಎಂದು ಗೋಪುರವನ್ನು ಮಾತ್ರ ಉಳಿಸಿಕೊಂಡರು. ಊರಿಗೆ ಹೊಸ ಚರ್ಚ್ ಬಂದದ್ದು 1841ರಲ್ಲಿ.

ಕಥೆಗಾರ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1859ರಲ್ಲಿ ಸ್ಕಾಗೆನ್‌ಗೆ ಬಂದಿದ್ದರು. ಆ ಪ್ರವಾಸದ ಬಳಿಕ ಅವರು ಬರೆದ ಮರಳು ದಿಬ್ಬಗಳ ಕಥೆಯಲ್ಲಿ, ಮರಳಿನಲ್ಲಿ ಹೂತುಹೋಗುವ ಈ ಚರ್ಚೇ ಕಥಾನಾಯಕನ ಸಮಾಧಿಯಾಗುತ್ತದೆ.

ನಡೆಯುವ ದಿಬ್ಬ

ಮರಳನ್ನು ಕಟ್ಟಿಹಾಕುವ ಕೆಲಸಕ್ಕೆ ಕ್ರಮಬದ್ಧ ಸ್ವರೂಪ ಬಂದದ್ದು 1792ರ ಮರಳು ನಿಯಂತ್ರಣ ಕಾನೂನಿನಿಂದ. ದಿಬ್ಬಗಳ ಮೇಲೆ ಹುಲ್ಲು ನೆಡಲಾಯಿತು; ಹತ್ತೊಂಬತ್ತನೆಯ ಶತಮಾನದಲ್ಲಿ ಪೈನ್ ಜಾತಿಯ ಮರಗಳ ನೆಡುತೋಪುಗಳು ಎದ್ದವು. ಇಂದು ಸ್ಕಾಗೆನ್ ಸುತ್ತ ಕಾಣುವ ಹಸಿರಿನ ಬಹುಭಾಗ ಮನುಷ್ಯರು ನೆಟ್ಟದ್ದು.

ಒಂದು ದಿಬ್ಬವನ್ನು ಮಾತ್ರ ಬೇಕೆಂದೇ ಬಿಟ್ಟುಕೊಡಲಾಗಿದೆ. ಊರಿನ ದಕ್ಷಿಣಕ್ಕಿರುವ ರೋಬ್ಯಾರ್ ಮೀಲೆ ಎಂಬ ಈ ಮರಳ ರಾಶಿ ಸುಮಾರು ಒಂದು ಚದರ ಕಿಲೋಮೀಟರ್ ಹರಡಿಕೊಂಡಿದ್ದು, ಅದರ ನೆತ್ತಿ ಸಮುದ್ರಮಟ್ಟದಿಂದ 40 ಮೀಟರ್ ಎತ್ತರಕ್ಕೆ ಏರುತ್ತದೆ. ಪಶ್ಚಿಮದ ಗಾಳಿ ಅದನ್ನು ವರ್ಷಕ್ಕೆ ಹದಿನೈದರಿಂದ ಹದಿನೆಂಟು ಮೀಟರ್ ವೇಗದಲ್ಲಿ ಪೂರ್ವದತ್ತ ತಳ್ಳುತ್ತಿದೆ. ಮರಳಿನ ಹಾವಳಿ ಹೇಗಿತ್ತು ಎಂಬುದನ್ನು ಮುಂದಿನ ತಲೆಮಾರುಗಳು ಕಣ್ಣಾರೆ ನೋಡಲಿ ಎಂಬ ಉದ್ದೇಶದಿಂದ ಸರ್ಕಾರ ಅದನ್ನು ಕಟ್ಟಿಹಾಕದೆ ಸಂರಕ್ಷಿಸಿದೆ. ಇದೇ ವೇಗದಲ್ಲಿ ನಡೆದರೆ ಒಂದೆರಡು ಶತಮಾನಗಳಲ್ಲಿ ಅದು ಸ್ಕಾಗೆನ್‌ಗೆ ಹೋಗುವ ಮುಖ್ಯ ರಸ್ತೆಯನ್ನು ತಲುಪಲಿದೆ. ಅಂದು ದಿಬ್ಬವನ್ನು ತಡೆಯಬೇಕೆ, ರಸ್ತೆಯನ್ನು ಸರಿಸಬೇಕೆ ಎಂಬುದನ್ನು ಆ ಕಾಲದವರೇ ನಿರ್ಧರಿಸಬೇಕಾಗುತ್ತದೆ.

ದೀಪಗಳು ಮತ್ತು ಹಡಗೊಡೆತಗಳು

ಉತ್ತರ ಸಮುದ್ರದಿಂದ ಬಾಲ್ಟಿಕ್‌ಗೆ ಹೋಗುವ ದೊಡ್ಡ ಹಡಗುಗಳು ಜರ್ಮನಿಯ ಕೀಲ್ ಕಾಲುವೆ 1895ರಲ್ಲಿ ತೆರೆಯುವವರೆಗೂ ಸ್ಕಾಗೆನ್‌ನ ತುದಿಯನ್ನು ಸುತ್ತಲೇಬೇಕಾಗಿತ್ತು. ನೀರಿನಡಿ ಮರಳಿನ ದಿಣ್ಣೆಗಳು ದಿನದಿನಕ್ಕೆ ಜಾಗ ಬದಲಿಸುವ ಈ ತಾಣದಲ್ಲಿ ದಾರಿ ತಪ್ಪಿದ ಹಡಗುಗಳಿಗೆ ಲೆಕ್ಕವಿಲ್ಲ. ಹಡಗುಗಳಿಂದ ಸುಂಕ ಪಡೆಯುತ್ತಿದ್ದ ಡೇನಿಶ್ ದೊರೆತನಕ್ಕೆ ಅವುಗಳಿಗೆ ದಾರಿ ತೋರಿಸುವ ಹೊಣೆಯೂ ಇತ್ತು. ಎರಡನೆಯ ಫ್ರೆಡರಿಕ್ ದೊರೆ 1560ರ ಸುಮಾರಿಗೆ ಇಲ್ಲಿ ದೀಪ ಇಡಿಸಿದ.

1627ರಲ್ಲಿ ಬಂದ ದೀಪದ ರಚನೆ ಕುತೂಹಲಕರವಾಗಿದೆ. ನಮ್ಮ ಹಳ್ಳಿಗಳ ಏತವನ್ನು ಹೋಲುವ ಉದ್ದನೆಯ ತೊಲೆಯ ಒಂದು ತುದಿಗೆ ಕಬ್ಬಿಣದ ಬುಟ್ಟಿ ಕಟ್ಟಿ, ಅದರಲ್ಲಿ ಬೆಂಕಿ ಹೊತ್ತಿಸಿ, ಮೇಲಕ್ಕೆತ್ತಿ ನಿಲ್ಲಿಸುತ್ತಿದ್ದರು. ಅದರ ಪ್ರತಿಕೃತಿಯನ್ನು ಇಂದಿಗೂ ಊರಿನಲ್ಲಿ ನೋಡಬಹುದು. ಫಿಲಿಪ್ ಡೆ ಲಾಂಗೆ ಎಂಬ ವಾಸ್ತುಶಿಲ್ಪಿ ರೂಪಿಸಿದ ಬಿಳಿಯ ದೀಪಸ್ತಂಭ 1740ರ ದಶಕದ ಕೊನೆಯಲ್ಲಿ ಎದ್ದಿತು. ಅದನ್ನು ಹಿಂದಿಕ್ಕಿ 1858ರಲ್ಲಿ 46 ಮೀಟರ್ ಎತ್ತರದ ಬೂದು ದೀಪಸ್ತಂಭ ಬಂತು. 2017ರಿಂದ ಅಲ್ಲಿ ವಲಸೆ ಹಕ್ಕಿಗಳ ಅಧ್ಯಯನ ಕೇಂದ್ರವೊಂದು ಆರಂಭವಾಗಿದೆ.

ದೀಪ ಇದ್ದಮಾತ್ರಕ್ಕೆ ಹಡಗುಗಳು ಉಳಿಯಲಿಲ್ಲ. ಒಡೆದ ಹಡಗಿನ ಮರಮುಟ್ಟು ಹರಾಜಿಗೆ ಬಂದು ಊರಿನ ಮನೆಗಳ ತೊಲೆಯಾಯಿತು. ಒಡೆದ ಹಡಗಿನ ಮನುಷ್ಯರನ್ನು ಉಳಿಸುವ ಕೆಲಸವೂ ಊರಿನ ಪಾಲಿಗೇ ಬಂತು. ಡೆನ್ಮಾರ್ಕ್‌ನಲ್ಲಿ ಸರ್ಕಾರಿ ಕಡಲ ರಕ್ಷಣಾ ವ್ಯವಸ್ಥೆ 1852ರಲ್ಲಿ ಸ್ಥಾಪನೆಯಾಯಿತು. ರಕ್ಷಣಾ ದೋಣಿಗೆ ಏರುತ್ತಿದ್ದವರು ಸ್ಥಳೀಯ ಮೀನುಗಾರರೇ.

1862ರ ಡಿಸೆಂಬರ್ 27ರಂದು ಡಾಫ್ನೆ ಎಂಬ ಸ್ವೀಡಿಷ್ ಹಡಗು ಸ್ಕಾಗೆನ್ ಬಳಿ ದಿಣ್ಣೆಗೆ ಬಡಿಯಿತು. ಅದರಲ್ಲಿದ್ದವರನ್ನು ಉಳಿಸಲು ಹೊರಟ ದೋಣಿ ಮಗುಚಿ ಊರಿನ ಎಂಟು ಮಂದಿ ನೀರುಪಾಲಾದರು. ಕ್ರಿಸ್ಮಸ್ ಮುಗಿದ ಎರಡೇ ದಿನಕ್ಕೆ ಸಣ್ಣ ಊರೊಂದು ಎಂಟು ಜನ ದುಡಿಯುವ ಗಂಡಸರನ್ನು ಕಳೆದುಕೊಂಡಿತು. ಆ ರಕ್ಷಣಾ ಕಾರ್ಯದಲ್ಲಿ ಸಾಹಸ ಮೆರೆದ ಲಾರ್ಸ್ ಕ್ರೂಸೆ ಎಂಬ ಮೀನುಗಾರನ ಕುರಿತು ಕವಿ ಹಾಗೂ ಚಿತ್ರಕಾರ ಹೋಲ್ಗರ್ ಡ್ರಾಕ್‌ಮನ್ 1879ರಲ್ಲಿ ಪುಸ್ತಕ ಬರೆದ ಬಳಿಕ ಆತನ ಹೆಸರು ದೇಶಕ್ಕೆಲ್ಲ ತಿಳಿಯಿತು. ಅನೇಕರ ಜೀವ ಉಳಿಸಿದ್ದ ಕ್ರೂಸೆ 1894ರಲ್ಲಿ ಅದೇ ಕಡಲಿನಲ್ಲಿ ಮುಳುಗಿ ಸತ್ತ.

ಕುಂಚ ಹಿಡಿದವರು ಬಂದರು

ರಾಜಧಾನಿ ಕೋಪನ್‌ಹೇಗನ್‌ನ ಕಲಾ ಅಕಾಡೆಮಿಯ ಕಟ್ಟುಪಾಡುಗಳಿಂದ ಬೇಸತ್ತಿದ್ದ ಯುವ ಕಲಾವಿದರು 1870ರ ದಶಕದಿಂದ ಸ್ಕಾಗೆನ್‌ನತ್ತ ಬರತೊಡಗಿದರು. ಫ್ರಾನ್ಸಿನಲ್ಲಿ ಬಯಲಿನಲ್ಲೇ ನಿಂತು ಚಿತ್ರ ಬರೆಯುವ ಪದ್ಧತಿ ಪ್ರಬಲವಾಗಿದ್ದ ಕಾಲವದು. ಡ್ರಾಕ್‌ಮನ್ 1872ರಲ್ಲಿ, ಬೋರ್ನ್‌ಹೋಮ್ ದ್ವೀಪದ ಮೈಕೆಲ್ ಆಂಕರ್ 1874ರಲ್ಲಿ, ಪಿ. ಎಸ್. ಕ್ರೋಯರ್ 1882ರಲ್ಲಿ ಬಂದರು. ನಾರ್ವೆಯ ಕ್ರಿಶ್ಚಿಯನ್ ಕ್ರೋಗ್, ಸ್ವೀಡನ್ನಿನ ಓಸ್ಕರ್ ಬ್ಯೋರ್ಕ್ ಮೊದಲಾದವರು ಸೇರಿಕೊಂಡರು. ಇವರನ್ನು ಕಲಾ ಚರಿತ್ರೆಯಲ್ಲಿ ‘ಸ್ಕಾಗೆನ್ ಚಿತ್ರಕಾರರು’ ಎಂದೇ ಗುರುತಿಸಲಾಗುತ್ತದೆ.

ಅವರನ್ನು ಸೆಳೆದದ್ದು ಎರಡು ಸಂಗತಿಗಳು. ಒಂದು, ಅಲ್ಲಿನ ಬೆಳಕು. ಮೂರು ಕಡೆ ನೀರು, ಕೆಳಗೆ ತೆಳುಬಣ್ಣದ ಮರಳು; ಜೂನ್ ತಿಂಗಳಿನಲ್ಲಿ ರಾತ್ರಿ ಹತ್ತು ಗಂಟೆಯ ನಂತರವೇ ಸೂರ್ಯಾಸ್ತ. ಮುಳುಗಿದ ಮೇಲೂ ಬಹಳ ಹೊತ್ತು ಆಕಾಶ ಮತ್ತು ಕಡಲು ಒಂದೇ ನೀಲಿಯಲ್ಲಿ ಬೆರೆತಿರುತ್ತವೆ. ಕ್ರೋಯರ್ 1893ರಲ್ಲಿ ಬರೆದ, ಇಬ್ಬರು ಮಹಿಳೆಯರು ಸಂಜೆಯ ದಡದಲ್ಲಿ ನಡೆದುಹೋಗುವ ಚಿತ್ರ ಈ ನೀಲಿಯ ಅತ್ಯಂತ ಪ್ರಸಿದ್ಧ ದಾಖಲೆ.

ಇನ್ನೊಂದು, ಅಲ್ಲಿನ ಜನ. ಮೈಕೆಲ್ ಆಂಕರ್ ಮೀನುಗಾರರನ್ನು ಪುರಾಣಪುರುಷರ ಗಾತ್ರದಲ್ಲಿ ಚಿತ್ರಿಸಿದರು. ದಡದಲ್ಲಿ ನಿಂತ ಬೆಸ್ತರು ಕಾಣದ ದೋಣಿಯೊಂದನ್ನು ಆತಂಕದಿಂದ ದಿಟ್ಟಿಸುವ, 1880ರ ಸುಮಾರಿನ ಅವರ ಚಿತ್ರವನ್ನು ಡೇನಿಶ್ ದೊರೆಯೇ ಖರೀದಿಸಿದ. ರಕ್ಷಣಾ ದೋಣಿಯನ್ನು ಹಿಮದ ದಿಬ್ಬಗಳ ನಡುವೆ ಎಳೆದೊಯ್ಯುವ ಚಿತ್ರ 1883ರದು. 1896ರಲ್ಲಿ ಅವರು ಬರೆದ ‘ಮುಳುಗಿ ಸತ್ತವನು’ ಎಂಬ ಚಿತ್ರದಲ್ಲಿ ಹಲಗೆಯ ಮೇಲೆ ಮಲಗಿರುವ ದೇಹ ಲಾರ್ಸ್ ಕ್ರೂಸೆಯದು.

ಕಲಾವಿದರ ಕೂಟಗಳು, ಔತಣಗಳು ಚಿತ್ರಗಳಾದವು. ಉದ್ಯಾನದಲ್ಲಿ ಮದ್ಯದ ಬಟ್ಟಲು ಎತ್ತಿ ಹರ್ಷಿಸುವ ಗೆಳೆಯರ ಗುಂಪನ್ನು ತೋರಿಸುವ ಕ್ರೋಯರ್ ಅವರ 1888ರ ಚಿತ್ರ ಇಂದು ಸ್ವೀಡನ್ನಿನ ಗೋಥೆನ್‌ಬರ್ಗ್ ಕಲಾ ಸಂಗ್ರಹಾಲಯದಲ್ಲಿದೆ. ಆ ಔತಣದ ಮೇಜಿಗೂ ಸನಿಹದಲ್ಲೇ ಇದ್ದ ಬೆಸ್ತರ ಕುಟುಂಬದ ಊಟಕ್ಕೂ ಇದ್ದ ಅಂತರವನ್ನು ಮರೆಯಲಾಗದು. ಚಿತ್ರಕಾರರಿಗೆ ಸ್ಕಾಗೆನ್ ಬೇಸಿಗೆಯ ತಾಣ. ಬೆಸ್ತರಿಗೆ ಅದು ಹನ್ನೆರಡು ತಿಂಗಳ ದುಡಿಮೆಯ ಜಾಗ.

ಊರಿನ ಮಗಳು

ಈ ಗುಂಪಿನ ಪ್ರಮುಖರಲ್ಲಿ ಸ್ಕಾಗೆನ್‌ನಲ್ಲಿಯೇ ಹುಟ್ಟಿದ್ದವರು ಅನ್ನಾ ಆಂಕರ್. ಊರಿನಲ್ಲಿ ಅಂಗಡಿ ಮತ್ತು ಅತಿಥಿಗೃಹ ನಡೆಸುತ್ತಿದ್ದ ಎರಿಕ್ ಬ್ರೊಂಡಮ್ ಅವರ ಮಗಳಾಗಿ 1859ರ ಆಗಸ್ಟ್ 18ರಂದು ಜನಿಸಿದ ಅನ್ನಾ, ಅತಿಥಿಗಳಾಗಿ ಬಂದ ಕಲಾವಿದರನ್ನು ನೋಡುತ್ತಲೇ ಬೆಳೆದರು. ಕೋಪನ್‌ಹೇಗನ್‌ನ ರಾಜಮನೆತನದ ಕಲಾ ಅಕಾಡೆಮಿಗೆ ಆಗ ಮಹಿಳೆಯರಿಗೆ ಪ್ರವೇಶವಿರಲಿಲ್ಲ. ಆದ್ದರಿಂದ ಅವರು ವಿಲ್ಹೆಲ್ಮ್ ಕೂನ್ ಎಂಬ ಚಿತ್ರಕಾರ ನಡೆಸುತ್ತಿದ್ದ ಖಾಸಗಿ ಶಾಲೆಯಲ್ಲಿ ಕಲಿತರು. 1880ರಲ್ಲಿ ಮೈಕೆಲ್ ಆಂಕರ್ ಅವರನ್ನು ವರಿಸಿದರು. ಮದುವೆ ಮತ್ತು ಮಗುವಿನ ನಂತರ ಮಹಿಳೆ ಕುಂಚ ಕೆಳಗಿಡುವುದು ವಾಡಿಕೆಯಾಗಿದ್ದ ಕಾಲದಲ್ಲಿ ಅನ್ನಾ ಚಿತ್ರ ಬರೆಯುವುದನ್ನು ಬಿಡಲಿಲ್ಲ.

ಪತಿಯ ಚಿತ್ರಗಳಲ್ಲಿ ಬಿರುಗಾಳಿಯಿದ್ದರೆ ಅನ್ನಾ ಅವರ ಚಿತ್ರಗಳಲ್ಲಿ ಮನೆಯ ಒಳಗಿನ ಮೌನವಿದೆ. ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತ ಕೆಲಸದಾಕೆ, 1891ರ ನೀಲಿ ಕೋಣೆಯ ಗೋಡೆಯ ಮೇಲೆ ಬಿದ್ದ ಬಿಸಿಲಿನ ಚೌಕ, ಅದೇ ವರ್ಷದ ಶವಸಂಸ್ಕಾರದ ಚಿತ್ರದಲ್ಲಿ ಪೆಟ್ಟಿಗೆಯ ಸುತ್ತ ನೆರೆದ ಊರಿನವರು. ಹೊರಗಿನಿಂದ ಬಂದವರಿಗೆ ಕಾಣದ ಸ್ಕಾಗೆನ್ ಅದು. ಡೆನ್ಮಾರ್ಕ್ 1990ರ ದಶಕದ ಕೊನೆಯಲ್ಲಿ ಹೊರತಂದ ಸಾವಿರ ಕ್ರೋನರ್ ನೋಟಿನ ಮೇಲೆ ಅನ್ನಾ ಮತ್ತು ಮೈಕೆಲ್ ಆಂಕರ್ ದಂಪತಿಯ ಚಿತ್ರವಿತ್ತು ಎಂಬುದು ಗಮನಾರ್ಹ.

ಕಲಾವಿದರ ಗುಂಪಿನ ಹಿರಿಯರೇ ಮುಂದಾಗಿ 1908ರಲ್ಲಿ ಬ್ರೊಂಡಮ್ ಅತಿಥಿಗೃಹದ ಭೋಜನಶಾಲೆಯಲ್ಲಿ ಸ್ಕಾಗೆನ್ ಸಂಗ್ರಹಾಲಯವನ್ನು ಸ್ಥಾಪಿಸಿದರು. ಅದಕ್ಕೆ 1928ರಲ್ಲಿ ಸ್ವಂತ ಕಟ್ಟಡವಾಯಿತು. ಕಲಾವಿದರ ಚಿತ್ರಗಳನ್ನು ಗೋಡೆಯಲ್ಲೇ ಕೂರಿಸಿದ್ದ ಆ ಭೋಜನಶಾಲೆಯನ್ನು ನಂತರ ಇಡಿಯಾಗಿ ಸಂಗ್ರಹಾಲಯಕ್ಕೆ ಸ್ಥಳಾಂತರಿಸಲಾಯಿತು.

ರೈಲು ಬಂತು, ಬಂದರು ಬಂತು

1890ರ ಜುಲೈನಲ್ಲಿ ಫ್ರೆಡರಿಕ್ಸ್‌ಹಾವ್ನ್‌ನಿಂದ ಸ್ಕಾಗೆನ್‌ಗೆ ರೈಲು ಮಾರ್ಗ ತೆರೆಯಿತು. ತಾಜಾ ಮೀನು ಮಂಜುಗಡ್ಡೆಯಲ್ಲಿ ದೂರದ ಪೇಟೆಗೆ ಹೋಗುವುದು ಸಾಧ್ಯವಾಯಿತು. ಮರಳುವ ರೈಲಿನಲ್ಲಿ ಪ್ರವಾಸಿಗರು ಬಂದಿಳಿದರು. ಊರಿನ ಇಂದಿನ ಎರಡು ಮುಖ್ಯ ಆದಾಯಗಳ ಮೂಲ ಒಂದೇ ಹಳಿಯ ಮೇಲಿದೆ ಎಂದರೆ ತಪ್ಪಾಗದು.

1904ರಲ್ಲಿ ಆರಂಭವಾದ ಬಂದರಿನ ಕಾಮಗಾರಿ ಪೂರ್ಣಗೊಂಡು 1907ರ ನವೆಂಬರ್‌ನಲ್ಲಿ ಉದ್ಘಾಟನೆ ನಡೆಯಿತು. ಬಂದರಿನ ಮುಂಭಾಗದಲ್ಲಿ ಥೋರ್ವಾಲ್ಡ್ ಬಿಂದೆಸ್‌ಬೋಲ್ ರೂಪಿಸಿದ ಕೆಂಪು ಬಣ್ಣದ ಮೀನು ದಾಸ್ತಾನು ಮಳಿಗೆಗಳು ಇಂದಿಗೂ ಊರಿನ ಗುರುತಾಗಿವೆ. ಈಗ ಅವುಗಳಲ್ಲಿ ಮೀನಿನ ಊಟದ ಹೋಟೆಲುಗಳಿವೆ. ಬಂದರಿನ ಆಶ್ರಯ ದೊರೆತದ್ದರಿಂದ ಎಂಜಿನ್ ಕೂರಿಸಿದ ದೊಡ್ಡ ದೋಣಿಗಳನ್ನು ಇಟ್ಟುಕೊಳ್ಳುವುದು ಸಾಧ್ಯವಾಯಿತು. ದಡದಿಂದ ಬಲೆ ಎಳೆಯುವ ಪದ್ಧತಿ ಹಿಂದೆ ಸರಿಯಿತು. ಡ್ರಾಕ್‌ಮನ್ 1908ರಲ್ಲಿ, ಕ್ರೋಯರ್ 1909ರಲ್ಲಿ ತೀರಿಕೊಂಡರು. ಅವರು ಚಿತ್ರಿಸಿದ ಬದುಕು ಮತ್ತು ಚಿತ್ರಿಸಿದವರು ಹೆಚ್ಚುಕಡಿಮೆ ಒಟ್ಟಿಗೇ ಮರೆಯಾದರು.

ಊರಿನ ಇಂದಿನ ರೂಪ ನಿಂತದ್ದೂ ಆ ಕಾಲದಲ್ಲಿಯೇ. ಹಳದಿ ಸುಣ್ಣದ ಗೋಡೆ, ಕೆಂಪು ಹಂಚು, ಹಂಚಿನ ಅಂಚಿಗೆ ಬಿಳಿಯ ಪಟ್ಟಿ: ಇದು ಸ್ಕಾಗೆನ್ ಮನೆಯ ಲಕ್ಷಣ. ಡೆನ್ಮಾರ್ಕ್‌ನಲ್ಲಿ ಈ ಬಣ್ಣಕ್ಕೆ ‘ಸ್ಕಾಗೆನ್ ಹಳದಿ’ ಎಂಬ ಹೆಸರೇ ಇದೆ. ಸಂಗ್ರಹಾಲಯದ ಕಟ್ಟಡವನ್ನೂ ರೂಪಿಸಿದ ವಾಸ್ತುಶಿಲ್ಪಿ ಉಲ್ರಿಕ್ ಪ್ಲೆಸ್ನರ್ ಈ ಸ್ಥಳೀಯ ಶೈಲಿಗೆ ಹೊಸ ಕಟ್ಟಡಗಳಲ್ಲಿ ಸ್ಥಾನ ಕೊಟ್ಟರು. ಹತ್ತನೆಯ ಕ್ರಿಶ್ಚಿಯನ್ ದೊರೆಗಾಗಿ 1914ರಲ್ಲಿ ಇಲ್ಲಿಯೇ ಬೇಸಿಗೆಯ ಅರಮನೆ ನಿರ್ಮಾಣವಾಯಿತು. ಎರಡನೆಯ ಮಹಾಯುದ್ಧದಲ್ಲಿ ಡೆನ್ಮಾರ್ಕ್ 1940ರಿಂದ 1945ರವರೆಗೆ ಜರ್ಮನಿಯ ವಶದಲ್ಲಿದ್ದಾಗ ದಿಬ್ಬಗಳಲ್ಲಿ ಕಟ್ಟಿದ ಕಾಂಕ್ರೀಟ್ ಅಡಗುತಾಣಗಳು ಇಂದಿಗೂ ಅಲ್ಲಲ್ಲಿ ಬಿದ್ದುಕೊಂಡಿವೆ.

ಮೀನು ಬಂತು, ಮೀನುಗಾರ ಹೋದ

ಸ್ಕಾಗೆನ್‌ನ ಬಂದರಿಗೆ ಇಂದು ಹೆಚ್ಚಾಗಿ ಬರುವುದು ಹೆರಿಂಗ್, ಬಂಗುಡೆಯ ಜಾತಿಯ ಮೀನು ಹಾಗೂ ಹಿಟ್ಟು-ಎಣ್ಣೆಗೆ ಬಳಕೆಯಾಗುವ ಸಣ್ಣ ಮೀನುಗಳು. ಮೀನುಗಾರರ ಒಡೆತನದ ಎಫ್‌ಎಫ್ ಸ್ಕಾಗೆನ್ ಕಾರ್ಖಾನೆ 1961ರಿಂದ ಮೀನಿನ ಹಿಟ್ಟು ಮತ್ತು ಎಣ್ಣೆ ತಯಾರಿಸುತ್ತಿದೆ. ಇಲ್ಲಿನ ಹಿಟ್ಟು ಸಾಕಣೆ ಮೀನುಗಳ ಮತ್ತು ಹಂದಿಮರಿಗಳ ಆಹಾರಕ್ಕೆ ಸೇರುತ್ತದೆ. 1917ರಲ್ಲಿ ಸ್ಥಾಪನೆಯಾದ ಕಾರ್ಸ್ಟೆನ್ಸೆನ್ ಹಡಗುಕಟ್ಟೆ ಆಳಸಮುದ್ರದ ಆಧುನಿಕ ಮೀನುಗಾರಿಕಾ ಹಡಗುಗಳ ನಿರ್ಮಾಣಕ್ಕೆ ಹೆಸರಾಗಿದೆ. ಸ್ವೀಡನ್ ಮತ್ತು ನಾರ್ವೆಯ ಹಡಗುಗಳೂ ಇಲ್ಲಿಗೆ ಬಂದು ಮೀನು ಇಳಿಸುತ್ತವೆ.

ಆದರೆ ಈ ವಹಿವಾಟು ಈಗ ಕೆಲವೇ ದೊಡ್ಡ ಹಡಗುಗಳ ಕೈಯಲ್ಲಿದೆ. ಅದಕ್ಕೆ ಮುಖ್ಯ ಕಾರಣ ಕೋಟಾ ವ್ಯವಸ್ಥೆ. ಯಾವ ಜಾತಿಯ ಮೀನನ್ನು ಎಷ್ಟು ಹಿಡಿಯಬಹುದು ಎಂಬುದನ್ನು ಐರೋಪ್ಯ ಒಕ್ಕೂಟ ಪ್ರತಿವರ್ಷ ನಿಗದಿ ಮಾಡುತ್ತದೆ; ಪ್ರತಿ ದೇಶಕ್ಕೂ ಅದರಲ್ಲೊಂದು ಪಾಲು ಸಿಗುತ್ತದೆ. ಮಿತಿಯಿಲ್ಲದೆ ಹಿಡಿದದ್ದರಿಂದ 1970ರ ದಶಕದಲ್ಲಿ ಉತ್ತರ ಸಮುದ್ರದ ಹೆರಿಂಗ್ ಸಂತತಿ ಕುಸಿದು, 1977ರಿಂದ ಕೆಲವು ವರ್ಷ ಅದರ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಗಿ ಬಂದಿತ್ತು. ಮಿತಿ ಬೇಕು ಎಂಬುದರಲ್ಲಿ ಆದ್ದರಿಂದ ಹೆಚ್ಚು ವಿವಾದವಿಲ್ಲ. ದೇಶದ ಪಾಲನ್ನು ದೋಣಿಗಳ ನಡುವೆ ಹಂಚುವ ಬಗೆಯಲ್ಲಿ ವಿವಾದವಿದೆ.

ಡೆನ್ಮಾರ್ಕ್ 2003ರಲ್ಲಿ ಹೆರಿಂಗ್‌ಗೆ, 2007ರಲ್ಲಿ ಇತರ ಮುಖ್ಯ ಮೀನುಗಳಿಗೆ ಹೊಸ ಪದ್ಧತಿ ತಂದಿತು. ಅದರಂತೆ ಪ್ರತಿ ದೋಣಿ ಹಿಂದಿನ ವರ್ಷಗಳಲ್ಲಿ ಹಿಡಿದ ಪ್ರಮಾಣಕ್ಕೆ ಅನುಗುಣವಾಗಿ ಅದಕ್ಕೊಂದು ಕಾಯಂ ಪಾಲು ದೊರೆಯಿತು. ಆ ಪಾಲನ್ನು ಮಾರಬಹುದು, ಕೊಳ್ಳಬಹುದು. ದೋಣಿಗಳ ಸಂಖ್ಯೆ ಅತಿಯಾಗಿತ್ತು, ಲಾಭ ಇರಲಿಲ್ಲ; ಹೊಸ ಪದ್ಧತಿಯಿಂದ ಉಳಿದವರಿಗೆ ಒಳ್ಳೆಯ ಆದಾಯ ಬಂತು ಎಂಬುದು ನಿಜ. ಹಳೆಯ ದೋಣಿಯ ಮುದುಕ ತನ್ನ ಪಾಲನ್ನು ಮಾರಿ ನೆಮ್ಮದಿಯಿಂದ ನಿವೃತ್ತನಾದ. ಅವನ ಊರಿನ ಹುಡುಗ ಮೀನುಗಾರನಾಗಬೇಕೆಂದರೆ ಮಾತ್ರ ಈಗ ದೋಣಿಯ ಜೊತೆಗೆ ಕಡಲಿನ ಮೀನಿನ ಪಾಲನ್ನೂ ದುಬಾರಿ ಬೆಲೆಗೆ ಕೊಳ್ಳಬೇಕಾಯಿತು.

ಹೆಚ್ಚಿನ ಪಾಲನ್ನು ಕೂಡಿಹಾಕಿಕೊಂಡವರನ್ನು ಡೆನ್ಮಾರ್ಕ್‌ನ ಪತ್ರಿಕೆಗಳು ‘ಕೋಟಾ ರಾಜರು’ ಎಂದು ಕರೆದವು. ಕೋಟಾ ಕೆಲವರ ಕೈಯಲ್ಲೇ ಸೇರದಂತೆ ನೋಡಿಕೊಳ್ಳಬೇಕಾಗಿದ್ದ ಸರ್ಕಾರದ ಮೇಲ್ವಿಚಾರಣೆ ಸಡಿಲವಾಗಿತ್ತು ಎಂದು 2017ರಲ್ಲಿ ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಸಂಸ್ಥೆಯೇ ಟೀಕಿಸಿತು. ಅದೇ ವರ್ಷ ಮೀನುಗಾರಿಕೆಯ ಖಾತೆ ಸಚಿವರ ಕೈಬದಲಾಯಿತು. ಸಣ್ಣ ದೋಣಿಗಳಿಗೆ ಹೆಚ್ಚುವರಿ ಪಾಲು ನೀಡುವ ಕರಾವಳಿ ಮೀನುಗಾರಿಕೆ ಯೋಜನೆಯನ್ನು ಬಲಪಡಿಸಲಾಯಿತು.

ಕಡಲಿನ ಆಚೆಗಿನ ರಾಜಕೀಯವೂ ಬಂದರಿನ ಲೆಕ್ಕಪತ್ರವನ್ನು ಬದಲಿಸುತ್ತದೆ. ಬ್ರಿಟನ್ 2020ರಲ್ಲಿ ಐರೋಪ್ಯ ಒಕ್ಕೂಟದಿಂದ ಹೊರಬಿದ್ದ ಬಳಿಕ ಡೇನಿಶ್ ಹಡಗುಗಳ ಪಾಲು ಇಳಿಯಿತು. ಹಿಟ್ಟಿನ ಕಾರ್ಖಾನೆಗಳಿಗೆ ಮುಖ್ಯವಾದ ಮರಳೀಲು ಎಂಬ ಸಣ್ಣ ಮೀನನ್ನು ಹಿಡಿಯುವುದನ್ನು 2024ರಲ್ಲಿ ಬ್ರಿಟನ್ ಉತ್ತರ ಸಮುದ್ರದ ತನ್ನ ಭಾಗದಲ್ಲಿ ನಿಷೇಧಿಸಿತು. ಕಡಲ ಹಕ್ಕಿಗಳ ಆಹಾರ 

ಉಳಿಯಬೇಕು ಎಂಬುದು ಅದಕ್ಕೆ ಕೊಟ್ಟ ಕಾರಣ.

ಬೇಸಿಗೆಯ ಊರು, ಚಳಿಗಾಲದ ಊರು

ಜುಲೈನಲ್ಲಿ ಸ್ಕಾಗೆನ್‌ನ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಂಗ್ರಹಾಲಯ, ಗ್ರೇನೆನ್ ತುದಿ, ಹಳೆಯ ಸ್ಕಾಗೆನ್‌ನ ಸೂರ್ಯಾಸ್ತದ ಕಟ್ಟೆ, ಬಂದರಿನ ಹೋಟೆಲುಗಳು ತುಂಬಿ ತುಳುಕುತ್ತವೆ. ದೊಡ್ಡ ಪ್ರವಾಸಿ ಹಡಗುಗಳೂ ಬಂದು ನಿಲ್ಲುತ್ತವೆ. ನವೆಂಬರ್ ಬಂತೆಂದರೆ ಹಳದಿ ಮನೆಗಳಲ್ಲಿ ಹಲವು ಕತ್ತಲಾಗಿರುತ್ತವೆ. ಬೆಸ್ತರು ಕಟ್ಟಿದ ಮನೆಗಳು ರಾಜಧಾನಿಯ ಸಿರಿವಂತರ ಬೇಸಿಗೆ ಮನೆಗಳಾದುದರ ಪರಿಣಾಮವಿದು.

ಒಂದು ಕಾಲಕ್ಕೆ ಹತ್ತು ಸಾವಿರವನ್ನು ಮೀರಿದ್ದ ಜನಸಂಖ್ಯೆ ಇಳಿಮುಖವಾಗಿದೆ. 2007ರಲ್ಲಿ ಡೆನ್ಮಾರ್ಕ್‌ನ ಸ್ಥಳೀಯ ಆಡಳಿತಗಳ ಪುನರ್ರಚನೆ ನಡೆದಾಗ ಸ್ಕಾಗೆನ್ ತನ್ನ ಪ್ರತ್ಯೇಕ ಪುರಸಭೆಯನ್ನು ಕಳೆದುಕೊಂಡು ಫ್ರೆಡರಿಕ್ಸ್‌ಹಾವ್ನ್ ಆಡಳಿತಕ್ಕೆ ಸೇರಿತು.

ಇಂಥ ಊರುಗಳನ್ನು ಉಳಿಸಿಕೊಳ್ಳಲು ಡೇನಿಶ್ ಕಾನೂನಿನಲ್ಲಿ ಕೆಲವು ಅಸ್ತ್ರಗಳಿವೆ. ವರ್ಷಪೂರ್ತಿ ವಾಸಕ್ಕೆಂದು ಗುರುತಿಸಿದ ಮನೆಯಲ್ಲಿ ಯಾರಾದರೂ ಕಾಯಂ ಆಗಿ ವಾಸಿಸಲೇಬೇಕು ಎಂದು ಸ್ಥಳೀಯ ಆಡಳಿತ ಒತ್ತಾಯಿಸಬಹುದು. ದೇಶದಲ್ಲಿ ನೆಲೆಸದ ವಿದೇಶಿಯರು ವಿಶೇಷ ಅನುಮತಿಯಿಲ್ಲದೆ ಬೇಸಿಗೆ ಮನೆ ಕೊಳ್ಳುವಂತಿಲ್ಲ. ಕಡಲ ದಂಡೆಯಿಂದ 300 ಮೀಟರ್ ಒಳಗೆ ಸಾಮಾನ್ಯವಾಗಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ನಿಯಮ ಬಿಗಿಯಾದರೆ ಮನೆ ಮಾರುವವನಿಗೆ ಬೆಲೆ ಸಿಗದು. ಸಡಿಲವಾದರೆ ಶಾಲೆಗೆ ಮಕ್ಕಳು ಸಿಗರು. ಈ ಎರಡರ ನಡುವೆ ದಾರಿ ಹುಡುಕುವುದು ಸುಲಭದ ಕೆಲಸವಲ್ಲ.

ಮರಳಿನ ವಿರುದ್ಧದ ಹೋರಾಟದಲ್ಲಿ ಸ್ಕಾಗೆನ್ ಗೆದ್ದದ್ದು ಹುಲ್ಲು ಮತ್ತು ಮರಗಳನ್ನು ನೆಟ್ಟು, ನೆಲಕ್ಕೆ ಬೇರಿನ ಹಿಡಿತ ಕೊಟ್ಟು. ಅದಕ್ಕೆ ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಬೆಸ್ತರ ಮಕ್ಕಳು ಬೆಸ್ತರಾಗಿಯೇ ಊರಿನಲ್ಲಿ ಉಳಿಯಬೇಕಾದರೆ ಎಂಥ ಬೇರು ನೆಡಬೇಕು ಎಂಬ ಪ್ರಶ್ನೆ ಈಗ ಊರಿನ ಮುಂದಿದೆ. ಸಂಗ್ರಹಾಲಯದ ಗೋಡೆಗಳ ಮೇಲೆ ಬಲೆ ಎಳೆಯುತ್ತಿರುವ ಬೆಸ್ತರನ್ನು ನೋಡಲು ಪ್ರತಿವರ್ಷ ಬರುವವರ ಸಂಖ್ಯೆ ದೊಡ್ಡದು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಬಂದರಿನ ಹರಾಜುಕಟ್ಟೆಯಲ್ಲಿ ಬೆಳಗಿನ ವ್ಯಾಪಾರ ಇನ್ನೂ ನಡೆಯುತ್ತಿದೆ. ಊರಿನ ಮುಂದಿನ ಚರಿತ್ರೆ ಈ ಎರಡರಲ್ಲಿ ಯಾವುದನ್ನು ಹೆಚ್ಚು ಆಶ್ರಯಿಸಲಿದೆ ಎಂಬುದನ್ನು ಬರಲಿರುವ ವರ್ಷಗಳ ಕೋಟಾ ಮತ್ತು ಮನೆಗಳ ನಿಯಮಗಳು ನಿರ್ಧರಿಸಲಿವೆ.